ಏನೂ ಬೆಳೆಯದ ನೆಲದ ಬೆಲೆ

ಅಮೆರಿಕದ ನೆವಾಡಾ ರಾಜ್ಯದಲ್ಲಿ ಟೊನೊಪಾದಿಂದ ಈಲಿಯತ್ತ 6ನೇ ಹೆದ್ದಾರಿ ಹಿಡಿದು ಹೊರಟರೆ, ಊರು ಎನ್ನಬಹುದಾದದ್ದು ಹೆಚ್ಚುಕಡಿಮೆ ಸಿಗುವುದೇ ಇಲ್ಲ. ಈ ದಾರಿಯಲ್ಲೇ ಇದೆ ರೈಲ್‌ರೋಡ್ ಕಣಿವೆ. ಹಿಮಯುಗದಲ್ಲಿ ಇಲ್ಲೊಂದು ಸರೋವರವಿತ್ತು. ನೀರು ಬತ್ತಿದ ಮೇಲೆ ಉಳಿದದ್ದು ಸುಮಾರು 1,400 ಮೀಟರ್ ಎತ್ತರದಲ್ಲಿರುವ, ಹಾಸಿದಂತೆ ಸಮತಟ್ಟಾದ ಬಿಳಿಚು ಜೇಡಿನೆಲ. ಹುಲ್ಲಿಲ್ಲ, ಮರವಿಲ್ಲ. ಪ್ರವಾಸಿಗರಿಗೆ ತೋರಿಸಲು ಏನೂ ಇಲ್ಲದ ಈ ಬಯಲನ್ನು ಉಪಗ್ರಹಗಳ ಅಳತೆ ಸರಿನೋಡಲು ನಾಸಾ 1993ರಿಂದ ಬಳಸುತ್ತಿದೆ. ಏನೂ ಇಲ್ಲದಿರುವುದೇ ಅದರ ಅರ್ಹತೆ.

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅಳೆಯುವ ಉಪಗ್ರಹ ಆ ಅನಿಲವನ್ನು ಮುಟ್ಟುವುದಿಲ್ಲ. ನೆಲಕ್ಕೆ ಬಡಿದು ಮೇಲಕ್ಕೆ ಮರಳುವ ಬಿಸಿಲನ್ನು ನೋಡುತ್ತದೆ, ಅಷ್ಟೆ. 1.61 ಮತ್ತು 2.06 ಮೈಕ್ರಾನ್ ಆಸುಪಾಸಿನ ಬೆಳಕನ್ನು ಈ ಅನಿಲ ಹೀರಿಕೊಳ್ಳುತ್ತದೆ. ಎಷ್ಟು ಬೆಳಕು ಕಾಣೆಯಾಗಿದೆ ಎಂಬುದರಿಂದ ಅನಿಲ ಎಷ್ಟಿದೆ ಎಂದು ಲೆಕ್ಕ ಹಾಕಬೇಕು. ಹತ್ತು ಲಕ್ಷ ಅಣುಗಳಲ್ಲಿ ಈಗ 420ಕ್ಕೂ ಹೆಚ್ಚು ಇಂಗಾಲದ ಡೈಆಕ್ಸೈಡ್‌ನವು. ಅದರಲ್ಲಿ ಒಂದರಷ್ಟು ವ್ಯತ್ಯಾಸವೂ ಗೊತ್ತಾಗಬೇಕು, ಇಲ್ಲವಾದರೆ ಕಾಡು ಎಷ್ಟು ಹೀರಿತು, ನಗರ ಎಷ್ಟು ಉಗುಳಿತು ಎಂದು ಹೇಳಲಾಗದು.

ಆದರೆ ಉಪಕರಣಕ್ಕೂ ವಯಸ್ಸಾಗುತ್ತದೆ. ಇಂಥದೇ ಉಪಗ್ರಹವಾದ ಜಪಾನಿನ ಗೋಸ್ಯಾಟ್ ಹಾರಿದ ಮೊದಲ ವರ್ಷದಲ್ಲೇ, ಆಮ್ಲಜನಕವನ್ನು ಗುರುತಿಸುವ ಅದರ ಬೆಳಕಿನ ಪಟ್ಟಿಯ ಸಂವೇದನೆ ಕುಂದಿತು. ನಾಸಾದ ಓಸಿಒ-2ರಲ್ಲಿ ಅದೇ ಪಟ್ಟಿಯ ತಣ್ಣನೆಯ ಸಂವೇದಕದ ಮೇಲೆ ಮಂಜುಗಡ್ಡೆಯ ತೆಳುಪದರ ಕೂರುತ್ತದೆ. ಆಗಾಗ ಬಿಸಿ ಮಾಡಿ ಅದನ್ನು ಓಡಿಸಬೇಕು. ಅಂಗಡಿಯ ತಕ್ಕಡಿಯಾದರೆ ತೂಕ ಮತ್ತು ಅಳತೆ ಇಲಾಖೆಯವರು ಬಂದು ಪರೀಕ್ಷಿಸಿ ಮುದ್ರೆ ಹಾಕಿ ಹೋಗುತ್ತಾರೆ. ಏಳುನೂರು ಕಿಲೋಮೀಟರ್ ಎತ್ತರದ ತಕ್ಕಡಿಗೆ ಮುದ್ರೆ ಹಾಕುವುದು ಹೇಗೆ? ಉಪಗ್ರಹದೊಳಗೇ ದೀಪವಿದೆ, ಚಂದ್ರನತ್ತ ತಿರುಗಿಸಿ ನೋಡುವ ಪದ್ಧತಿಯೂ ಇದೆ. ಅವೆರಡೂ ಸಾಲದು.

ಆದ್ದರಿಂದ ಬೇಸಿಗೆಯ ನಡುವೆ, ಸೂರ್ಯ ನೆತ್ತಿಗೆ ಹತ್ತಿರವಿರುವಾಗ, ಅಮೆರಿಕ ಮತ್ತು ಜಪಾನಿನ ತಂಡಗಳು ಈ ಬಯಲಿಗಿಳಿಯುತ್ತವೆ. ಬೆಳಕನ್ನು ಬಿಡಿಸಿ ಅಳೆಯುವ ರೋಹಿತಮಾಪಕವನ್ನು ಹೊತ್ತು ಉಪಗ್ರಹ ಹಾದುಹೋಗುವ ಹೊತ್ತಿಗೆ ಬಿಸಿಲಲ್ಲಿ ಸಾಲುಸಾಲಾಗಿ ನಡೆಯುತ್ತಾರೆ. ನಡುನಡುವೆ ಬಿಳಿ ಫಲಕವೊಂದರ ಮೇಲೆ ಹಿಡಿದು ಮಾಪಕವನ್ನೇ ಸರಿನೋಡಿಕೊಳ್ಳುತ್ತಾರೆ. ಗಾಳಿಯ ಧೂಳನ್ನು ಸೌರಮಾಪಕ ಅಳೆದರೆ, ಉಷ್ಣತೆ ಮತ್ತು ತೇವವನ್ನು ಬಲೂನು ಅಳೆಯುತ್ತದೆ. ನಾಸಾದ ಆಲ್ಫಾ ಜೆಟ್ ವಿಮಾನ ಬಯಲಿನ ಮೇಲೆ ಸುರುಳಿ ಸುತ್ತುತ್ತ ಯಾವ ಎತ್ತರದಲ್ಲಿ ಎಷ್ಟು ಅನಿಲವಿದೆ ಎಂದು ದಾಖಲಿಸಿದ್ದೂ ಉಂಟು. ಇಷ್ಟನ್ನೂ ಕೂಡಿಸಿ, ಉಪಗ್ರಹ ಆ ಕ್ಷಣ ನೋಡಬೇಕಿದ್ದ ಬೆಳಕು ಇಷ್ಟು ಎಂದು ಲೆಕ್ಕ ಕಟ್ಟುತ್ತಾರೆ. ಅದು ಕಳಿಸಿದ ಅಂಕಿಯ ಪಕ್ಕಕ್ಕಿಟ್ಟರೆ ತಪ್ಪೆಷ್ಟು ಎಂಬುದು ಹೊರಬೀಳುತ್ತದೆ. ಗೋಸ್ಯಾಟ್ ಒಮ್ಮೆಗೆ ನೋಡುವುದು ಸುಮಾರು ಹತ್ತೂವರೆ ಕಿಲೋಮೀಟರ್ ಅಗಲದ ನೆಲವನ್ನು. ಅಷ್ಟು ದೂರ ಒಂದೇ ಬಣ್ಣದ ಬಯಲು ಬೇಕೆಂದರೆ ಎಲ್ಲಿ ಹುಡುಕುವುದು? (ನಮ್ಮ ಇಸ್ರೋ ತನ್ನ ಉಪಗ್ರಹಗಳ ಕ್ಯಾಮೆರಾ ಸರಿನೋಡಲು ಕಛ್‌ನ ರಣ್‌ಗೆ ಹೋಗುವುದೂ ಇಂಥದೇ ಕಾರಣಕ್ಕೆ.)

ಈ ಜಂಟಿ ಕೆಲಸದ ಹಿಂದೊಂದು ನಷ್ಟದ ಕತೆಯಿದೆ. ಗೋಸ್ಯಾಟ್ 2009ರ ಜನವರಿ 23ರಂದು ಕಕ್ಷೆ ಸೇರಿತು. ಒಂದು ತಿಂಗಳ ನಂತರ ಹಾರಿದ ನಾಸಾದ ಮೊದಲ ಓಸಿಒ, ರಾಕೆಟ್ಟಿನ ಮೂತಿಯ ಹೊದಿಕೆ ಕಳಚದೆ ಅಂಟಾರ್ಕ್ಟಿಕಾ ಬಳಿಯ ಸಮುದ್ರದ ಪಾಲಾಯಿತು. ಕೈಯಲ್ಲಿ ಉಪಗ್ರಹವಿಲ್ಲದ ಅಮೆರಿಕದ ವಿಜ್ಞಾನಿಗಳು ಜಪಾನಿನವರ ಜೊತೆ ಸೇರಿ ಅದೇ ಬೇಸಿಗೆಯಲ್ಲಿ ಇಲ್ಲಿಗೆ ಬಂದರು. ಓಸಿಒ-2 ಹಾರಿದ್ದು 2014ರ ಜುಲೈನಲ್ಲಿ. ಅಷ್ಟರಲ್ಲಿ ಬಯಲಿನ ಪರಿಚಯ ಚೆನ್ನಾಗಿಯೇ ಆಗಿತ್ತು.

ಬರಡು ಎಂದೆವಲ್ಲ, ಅದು ಮೇಲ್ಮೈಯ ಮಾತು. 1954ರಲ್ಲಿ ನೆವಾಡಾದ ಮೊದಲ ತೈಲಬಾವಿ ಸಿಕ್ಕಿದ್ದು ಇದೇ ಕಣಿವೆಯಲ್ಲಿ. ಈಗ ಕಣ್ಣು ಬಿದ್ದಿರುವುದು ಬಯಲಿನಡಿಯ ಲಿಥಿಯಂ ಮೇಲೆ. ಪೆಟ್ರೋಲ್ ಬಿಟ್ಟು ಬ್ಯಾಟರಿ ವಾಹನ ಹತ್ತಲು ಲಿಥಿಯಂ ಬೇಕು. ಅದರಿಂದ ಗಾಳಿಯ ಇಂಗಾಲ ತಗ್ಗಿತೇ ಎಂದು ನೋಡಲು ಕೆಡದ ಬಯಲು ಬೇಕು. ನಾಸಾ ಕೋರಿಕೆಯಂತೆ 2023ರಲ್ಲಿ ಅಮೆರಿಕದ ಭೂ ನಿರ್ವಹಣಾ ಇಲಾಖೆ ಸುಮಾರು 36 ಚದರ ಮೈಲಿಯನ್ನು ಗಣಿಗಾರಿಕೆಯಿಂದ ಹೊರಗಿಟ್ಟಿತು. ಅಲ್ಲಿ ಲಿಥಿಯಂ ತೆಗೆಯಲು ಹೊರಟಿದ್ದ ಗಣಿ ಕಂಪನಿ ಸಿಟ್ಟಾಯಿತು, ನೆವಾಡಾದ ಸಂಸದ ಮಾರ್ಕ್ ಅಮೊಡಿ ಆದೇಶ ರದ್ದುಮಾಡಲು ಮಸೂದೆ ಮಂಡಿಸಿದರು. ಕಂಪನಿಯ ವಾದ ಪೂರ್ತಿ ಸುಳ್ಳಲ್ಲ, ಲಿಥಿಯಂ ಬೇಕೇ ಬೇಕು. ಆದರೆ ಅದೇ ರಾಜ್ಯದ ಸಿಲ್ವರ್ ಪೀಕ್‌ನಲ್ಲಿ ಲಿಥಿಯಂ ತೆಗೆಯುತ್ತಿದ್ದಾರೆ, ಥ್ಯಾಕರ್ ಪಾಸ್‌ನಲ್ಲೂ ನಿಕ್ಷೇಪವಿದೆ. ಈ ಕೆಲಸಕ್ಕೆ ಒಗ್ಗುವ ಇನ್ನೊಂದು ಬಯಲು ಮಾತ್ರ ದೇಶದಲ್ಲೇ ಇಲ್ಲ ಎಂಬುದು ಇಲಾಖೆಯ ತೀರ್ಮಾನ.