ಹೆಸರು ಹಳೆಯದು, ಕಾರ್ಖಾನೆ ಹೊಸದು

ಸೇಡಂ ತಾಲೂಕಿನ ಕುರಕುಂಟಾದ ಸುತ್ತಮುತ್ತ ನೆಲ ಅಗೆದರೆ ಸಿಗುವುದು ಸುಣ್ಣದ ಕಲ್ಲು. ಚಿತ್ತಾಪುರ, ವಾಡಿ, ಶಹಾಬಾದಿನವರೆಗೂ ಹಬ್ಬಿರುವ ಈ ಪದರದಿಂದ ತೆಗೆದ ಫರ್ಸಿಗೆ ಪೇಟೆಯಲ್ಲಿ ಇರುವುದು ಒಂದೇ ಹೆಸರು: ಶಹಾಬಾದ್ ಕಲ್ಲು. ಬೆಂಗಳೂರಿನಲ್ಲೋ ಪುಣೆಯಲ್ಲೋ ಅದನ್ನು ಅಂಗಳಕ್ಕೆ ಹಾಸಿಕೊಂಡವರಲ್ಲಿ ಬಹುಮಂದಿಗೆ ಅದು ನಿಜಕ್ಕೂ ಶಹಾಬಾದಿನ ಗಣಿಯದೋ, ಸೇಡಂ ಕಡೆಯದೋ ತಿಳಿದಿರುವುದಿಲ್ಲ. ಅನುಭವಿ ಗೌಂಡಿ ಕಲ್ಲಿನ ಊರು ಕೇಳುವ ಮೊದಲು ಅದರ ದಪ್ಪ ನೋಡುತ್ತಾನೆ, ಬಡಿದು ಸದ್ದು ಕೇಳುತ್ತಾನೆ, ಪದರ ಬಿಟ್ಟಿದೆಯೇ ಎಂದು ಅಂಚು ತಡವುತ್ತಾನೆ.

ಹೆಸರು ಒಂದು ಊರಿನದು, ಮಾಲು ಇನ್ನೊಂದು ಊರಿನದು ಎಂಬ ಈ ಸಂಗತಿ ಸಂಗೀತದ ಸಾಮಾನುಗಳ ಪೇಟೆಯಲ್ಲಿಯೂ ಉಂಟು. ಅಲ್ಲಿ ಅದು ಕೊಳ್ಳುವವರ ನಿದ್ದೆ ಕೆಡಿಸುತ್ತದೆ. ಜಾತ್ರೆ, ಗಣೇಶೋತ್ಸವಗಳ ರಸಮಂಜರಿ ತಂಡಗಳಲ್ಲಿ, ಚರ್ಚಿನ ಗಾಯನ ಮೇಳಗಳಲ್ಲಿ, ಕಾಲೇಜು ಹುಡುಗರ ಬ್ಯಾಂಡುಗಳಲ್ಲಿ ಬೇಸ್ ಗಿಟಾರ್ ನುಡಿಸುವ ತರುಣರಿಗೆ ಒಂದು ಕನಸು ಇರುತ್ತದೆ. ಅದು ಗಾಜಿನ ವಾಲ್ವುಗಳಿರುವ ಆಂಪ್ಲಿಫೈಯರ್. 50 ವರ್ಷಗಳ ಹಿಂದಿನ ಪ್ರಸಿದ್ಧ ಮಾದರಿಗಳನ್ನು ಕಂಪನಿಗಳು ಅದೇ ಹೆಸರು, ಅದೇ ಮುಖಫಲಕ ಇಟ್ಟು ಮತ್ತೆ ಮಾರುಕಟ್ಟೆಗೆ ತಂದಿವೆ. ಆದರೆ ತಯಾರಾಗುವುದು ಬೇರೆ ದೇಶದಲ್ಲಿ. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಇಂತಹದಕ್ಕೆ ಹಾಕಬಹುದೇ? ಹಾಕಿದರೆ ಅದು ಎಷ್ಟು ದಿನ ಬಾಳೀತು?

ಗಾಜಿನ ಬುರುಡೆಯ ಕೆಲಸ

ಹಳೆಯ ವಾಲ್ವ್ ರೇಡಿಯೊ ಕಂಡವರಿಗೆ ವಾಲ್ವ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಗುಂಡಿ ತಿರುಗಿಸಿದ ಕೂಡಲೇ ಅದು ಮಾತನಾಡುತ್ತಿರಲಿಲ್ಲ. ಅರ್ಧ ನಿಮಿಷ ಕಾಯಬೇಕಿತ್ತು. ಒಳಗೆ ಕೆಂಡದಂತೆ ಮಿನುಗುವ ಬೆಳಕು ಕಂಡ ಮೇಲೆ ಮೆಲ್ಲನೆ ದನಿ ಏಳುತ್ತಿತ್ತು. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಸಣ್ಣ ತಂತಿಯೊಂದು ಕಾದಾಗ ಅದರ ಸುತ್ತಲಿನ ಲೋಹದಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಎದುರಿನ ತಗಡಿನತ್ತ ಧಾವಿಸುವ ಆ ಪ್ರವಾಹಕ್ಕೆ ನಡುವಿನ ಜಾಲರಿಯೊಂದು ತೂಬಿನಂತೆ ಅಡ್ಡ ನಿಲ್ಲುತ್ತದೆ. ತೂಬಿನ ಮೇಲೆ ಬೀಳುವ ಸಣ್ಣ ಸಂಕೇತ ದೊಡ್ಡ ಪ್ರವಾಹವನ್ನು ಏರಿಳಿಸುತ್ತದೆ. ದನಿ ಹಿಗ್ಗುವ ಗುಟ್ಟು ಇಷ್ಟೇ.

1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ವಾಲ್ವುಗಳ ಕಾಲ ಮುಗಿಯುತ್ತ ಬಂತು. ರೇಡಿಯೊ ಜೇಬಿಗಿಳಿಯಿತು. ಆದರೆ ಗಿಟಾರ್ ನುಡಿಸುವವರು ಮಾತ್ರ ವಾಲ್ವುಗಳನ್ನು ಬಿಡಲಿಲ್ಲ. ಮಿತಿ ಮೀರಿ ದುಡಿಸಿದಾಗ ಟ್ರಾನ್ಸಿಸ್ಟರಿನ ದನಿ ಒಮ್ಮೆಗೇ ಒರಟಾಗಿ ಒಡೆಯುತ್ತದೆ, ವಾಲ್ವಿನದು ಮೆಲ್ಲಮೆಲ್ಲನೆ ಬಾಗಿ ತುಂಬಿಕೊಳ್ಳುತ್ತದೆ ಎಂಬುದು ಅವರ ಅನುಭವ.

ಬೇಸ್ ಗಿಟಾರಿನ ವಿಷಯದಲ್ಲಿ ಕಷ್ಟ ಇನ್ನೂ ಹೆಚ್ಚು. ಅದರ ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಇಷ್ಟು ಕೆಳಗಿನ ಸ್ವರವನ್ನು ಬಯಲಲ್ಲಿ ಕೇಳಿಸಬೇಕಾದರೆ ಬಹಳ ಶಕ್ತಿ ಬೇಕು. ಅದಕ್ಕೆ ದೊಡ್ಡ ಟ್ರಾನ್ಸ್‌ಫಾರ್ಮರ್, ಹೆಚ್ಚು ವಾಲ್ವುಗಳು ಬೇಕು. 1969ರಲ್ಲಿ ಅಮೆರಿಕದ ಆಂಪೆಗ್ ಕಂಪನಿ ಹೊರತಂದ ಎಸ್‌ವಿಟಿ ಎಂಬ ಆಂಪ್ಲಿಫೈಯರಿನಲ್ಲಿ 14 ವಾಲ್ವುಗಳಿದ್ದವು. ಶಕ್ತಿ 300 ವ್ಯಾಟ್. ಅದೇ ವರ್ಷ ರೋಲಿಂಗ್ ಸ್ಟೋನ್ಸ್ ತಂಡ ತನ್ನ ಅಮೆರಿಕ ಪ್ರವಾಸಕ್ಕೆ ಅದನ್ನು ಒಯ್ದದ್ದರಿಂದ ಅದರ ಹೆಸರು ಲೋಕಪ್ರಸಿದ್ಧವಾಯಿತು. ಸ್ಪೀಕರ್ ಪೆಟ್ಟಿಗೆ ಬಿಟ್ಟು ಬರಿಯ ಆಂಪ್ಲಿಫೈಯರ್ ಎತ್ತಲಿಕ್ಕೇ ಇಬ್ಬರು ಆಳು ಬೇಕು.

ಕೈಯಿಂದ ಕೈಗೆ

ಆಂಪೆಗ್ ಎಂಬ ಹೆಸರು ಸವೆಸಿದ ದಾರಿಯೇ ಒಂದು ಪಾಠ. 1970ರ ದಶಕದ ಆರಂಭದಲ್ಲಿ ಅದು ಮ್ಯಾಗ್ನವಾಕ್ಸ್ ಕಂಪನಿಯ ಪಾಲಾಯಿತು. 1974ರಲ್ಲಿ ಮ್ಯಾಗ್ನವಾಕ್ಸನ್ನೇ ಹಾಲೆಂಡಿನ ಫಿಲಿಪ್ಸ್ ಬಳಗ ಕೊಂಡಿತು. ಮುಂದೆ ಇನ್ನೆರಡು ಅಮೆರಿಕನ್ ಕಂಪನಿಗಳ ಕೈ ದಾಟಿ, 2005ರಲ್ಲಿ ಲೌಡ್ ಟೆಕ್ನಾಲಜೀಸ್‌ಗೂ 2018ರಲ್ಲಿ ಜಪಾನಿನ ಯಮಾಹಾ ಬಳಗಕ್ಕೂ ಸೇರಿತು. ಈ ನಡುವೆ ತಯಾರಿಕೆಯ ಹೆಚ್ಚಿನ ಭಾಗ ಏಷ್ಯಾದ ಕಾರ್ಖಾನೆಗಳಿಗೆ ಸಾಗಿತು. ಅಂದರೆ ಫಲಕದ ಮೇಲಿನ ಹೆಸರು ನೋಡಿ ಕೊಳ್ಳುವವನು 1969ರ ಕಾರ್ಖಾನೆಯ ಮಾಲನ್ನೇ ಕೊಳ್ಳುತ್ತಿದ್ದೇನೆಂದು ಭಾವಿಸಿದರೆ ಅದು ಭ್ರಮೆ.

ಹಾಗಾದರೆ ಅಮೆರಿಕದಲ್ಲಿಯೇ ತಯಾರಾದದ್ದನ್ನು ಹುಡುಕಿ ಕೊಂಡರೆ ಮುಗಿಯಿತೇ? ಅದೂ ಅಷ್ಟು ಸುಲಭವಿಲ್ಲ. ಫೆಂಡರ್ ಕಂಪನಿ 1952ರಲ್ಲಿ ತಂದ ಬಾಸ್‌ಮ್ಯಾನ್ ಆಂಪ್ಲಿಫೈಯರಿನ 1959ರ ಮಾದರಿಯನ್ನು 1990ರಲ್ಲಿ ಅಮೆರಿಕದಲ್ಲಿಯೇ ಮರುತಯಾರಿಸಲಾಯಿತು. ಹೊರಗಿನ ಬಟ್ಟೆ, ಗುಂಡಿಗಳೆಲ್ಲ ಹಳೆಯದರ ಹಾಗೆಯೇ ಇದ್ದವು. ಒಳಗೆ ಮಾತ್ರ ಕೈಯಿಂದ ತಂತಿ ಹೆಣೆದ ಹಲಗೆಯ ಜಾಗದಲ್ಲಿ ಮುದ್ರಿತ ಸರ್ಕ್ಯೂಟ್ ಬೋರ್ಡು ಬಂದಿತ್ತು. ದೇಶ ಬದಲಾಗಿರಲಿಲ್ಲ, ಮಾಲು ಬದಲಾಗಿತ್ತು. ಆಂಪೆಗ್ ಅಮೆರಿಕದಲ್ಲಿ ಜೋಡಿಸಿದ ‘ಹೆರಿಟೇಜ್’ ಸರಣಿಯನ್ನೂ ತಂದಿತು. ಅದಕ್ಕೆ ಹಾಕಿದ್ದು ಸ್ಲೊವಾಕಿಯಾದ ಜೆಜೆ ಕಂಪನಿಯ ವಾಲ್ವುಗಳು. ಪೂರ್ತಿಯಾಗಿ ಒಂದೇ ದೇಶದ್ದು ಎನ್ನಬಹುದಾದ ಹೊಸ ವಾಲ್ವ್ ಆಂಪ್ಲಿಫೈಯರ್ ಇಂದು ತೀರ ಅಪರೂಪ.

ಜಾಲಹಳ್ಳಿಯ ಪಾಠ

ಹೊರದೇಶದಲ್ಲಿ ಮಾಡಿದ್ದು ಕೀಳು ಎಂಬ ಶಂಕೆಗೆ ಉತ್ತರ ಕರ್ನಾಟಕದಲ್ಲಿಯೇ ಇದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಆರಂಭಿಸಿತು. ತಾಂತ್ರಿಕ ಸಹಯೋಗ ಕೊಟ್ಟದ್ದು ಫಿಲಿಪ್ಸ್. ಅಂದರೆ ಯುರೋಪಿನ ಕಂಪನಿಯೊಂದರ ನಕ್ಷೆಯ ಮೇಲೆ, ಅದರ ಕ್ರಮದಂತೆ, ದೂರದ ಏಷ್ಯಾದ ಊರೊಂದರಲ್ಲಿ ವಾಲ್ವುಗಳು ತಯಾರಾದವು. ಇಂದು ಕೊಳ್ಳುವವರು ಅನುಮಾನದಿಂದ ನೋಡುವ ಏರ್ಪಾಡು ಇದೇ ಅಲ್ಲವೇ?

ಫಲ ಏನಾಯಿತು? ಬಿಇಎಲ್ ಗುರುತಿನ ವಾಲ್ವುಗಳು ದೇಶದ ಅಸಂಖ್ಯ ರೇಡಿಯೊಗಳಲ್ಲಿ ವರ್ಷಗಟ್ಟಲೆ ದುಡಿದವು. ಟ್ರಾನ್ಸಿಸ್ಟರ್ ಬಂದ ಮೇಲೆ ಅವುಗಳಿಗೆ ಕೇಳುವವರಿಲ್ಲದಾಯಿತು. ಆದರೆ ಬಳಕೆಯಾಗದೆ ಉಳಿದ ಹಳೆಯ ದಾಸ್ತಾನಿನ ಬೆಂಗಳೂರು ವಾಲ್ವುಗಳನ್ನು, ಅದರಲ್ಲೂ ಇಎಲ್84 ಎಂಬ ನಮೂನೆಯದನ್ನು, ವಿದೇಶದ ಹವ್ಯಾಸಿಗಳು ಈಗ ಹುಡುಕಿ ಕೊಳ್ಳುತ್ತಾರೆ. ಒಂದು ಕಾಲಕ್ಕೆ ರಿಪೇರಿ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ರಟ್ಟಿನ ಡಬ್ಬಿಗೆ ಕಡಲಾಚೆ ಬೆಲೆ ಬಂದಿದೆ.

ಇಂಥದೇ ಕಥೆ ಬುಲೆಟ್ ಮೋಟಾರ್‌ಸೈಕಲ್ಲಿನದು. 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿದ ಅದು, ಇಂಗ್ಲೆಂಡಿನಲ್ಲಿ 1970ರ ಹೊತ್ತಿಗೆ ಮೂಲ ಕಂಪನಿಯ ತಯಾರಿಕೆ ನಿಂತ ಮೇಲೂ ಇಲ್ಲಿ ಬದುಕಿ ಉಳಿಯಿತು. ಮುಂದೆ ಇಂಗ್ಲೆಂಡಿಗೇ ಹಿಂದಿರುಗಿ ಮಾರಾಟವಾಯಿತು.

ಹಾಗೆಂದು ಕಡಲಾಚೆಯ ಕಾರ್ಖಾನೆಯಿಂದ ಬಂದದ್ದೆಲ್ಲ ಚಿನ್ನವೆಂದೂ ಹೇಳಲಾಗದು. ಕೆಲಸ ಹೊರಗೆ ಕೊಡುವ ಕಂಪನಿ ಬಹಳ ಸಲ ಕೊಡುವುದೇ ಖರ್ಚು ಇಳಿಸಲಿಕ್ಕೆ. ಟ್ರಾನ್ಸ್‌ಫಾರ್ಮರಿನ ತೂಕದಲ್ಲಿ ಉಳಿಸಿದರೋ, ಕೊನೆಯ ತಪಾಸಣೆಯ ಹೊತ್ತಿನಲ್ಲಿ ಉಳಿಸಿದರೋ ಎಂಬುದರ ಮೇಲೆ ಮಾಲಿನ ಯೋಗ್ಯತೆ ನಿಂತಿದೆ. ಅದನ್ನು ತೀರ್ಮಾನಿಸುವವರು ನಕ್ಷೆ ಮತ್ತು ದರ ಗೊತ್ತುಮಾಡಿದವರೇ ಹೊರತು ಬೆಸುಗೆ ಹಾಕಿದ ಕಾರ್ಮಿಕರಲ್ಲ.

ಮುಚ್ಚಳದೊಳಗೆ ನೋಡಬೇಕಾದ್ದು

ಕೊಳ್ಳುವವರು ಮೊದಲು ನೋಡಬೇಕಾದ್ದು ವಿದ್ಯುತ್ತಿನ ಒತ್ತಡವನ್ನು. ಅಮೆರಿಕದ ಮನೆಗಳಲ್ಲಿರುವುದು 120 ವೋಲ್ಟ್, 60 ಹರ್ಟ್ಸ್. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಅಲ್ಲಿಂದ ತಂದ ಹಳೆಯ ಆಂಪ್ಲಿಫೈಯರನ್ನು ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತದೆ. ನಡುವೆ ಒತ್ತಡ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟರೂ ಹರ್ಟ್ಸ್ ಬದಲಾಗುವುದಿಲ್ಲ. 60 ಹರ್ಟ್ಸಿಗೆಂದೇ ಮಾಡಿದ ಯಂತ್ರ 50ರಲ್ಲಿ ಹೆಚ್ಚು ಕಾಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಜಿಲ್ಲೆಯಲ್ಲಿ ಈ ಹೆಚ್ಚುವರಿ ಕಾವು ಸಣ್ಣ ಮಾತಲ್ಲ. 230 ವೋಲ್ಟಿನದೆಂದು ನಮೂದಿಸಿದ ಮರುತಯಾರಿಕೆಯ ಮಾದರಿ ಈ ಒಂದು ವಿಷಯದಲ್ಲಿ ಹಳೆಯ ಅಸಲಿಗಿಂತ ಮೇಲು.

ಎರಡನೆಯದು, ವಾಲ್ವುಗಳು ಕೂರುವ ಸಾಕೆಟ್. ಅದನ್ನು ಲೋಹದ ಚೌಕಟ್ಟಿಗೆ ಬಿಗಿದಿದ್ದರೆ ಒಳ್ಳೆಯದು. ಸರ್ಕ್ಯೂಟ್ ಬೋರ್ಡಿನ ಮೇಲೆಯೇ ಬೆಸೆದಿದ್ದರೆ, ಕಾದು ಆರುವ ಆಟದಲ್ಲಿ ಬೆಸುಗೆ ಬಿರುಕು ಬಿಡಬಹುದು. ಬೋರ್ಡು ಇದ್ದಮಾತ್ರಕ್ಕೆ ಕೆಟ್ಟದ್ದೆಂದಲ್ಲ. ದಪ್ಪ ಬೋರ್ಡು, ಬಿಚ್ಚಿ ಜೋಡಿಸಲು ಅನುವಾದ ರಚನೆ ಇದ್ದರೆ ಅದೂ ದೀರ್ಘಕಾಲ ಬಾಳುತ್ತದೆ.

ಮೂರನೆಯದು, ವಾಲ್ವುಗಳ ಪೂರೈಕೆ. ವಾಲ್ವು ದೀಪದ ಬಲ್ಬಿನಂತೆ ಸವೆಯುವ ವಸ್ತು. ಎಸ್‌ವಿಟಿಯಂತಹ ಯಂತ್ರದಲ್ಲಿ ಶಕ್ತಿ ನೀಡುವ ಆರು ವಾಲ್ವುಗಳನ್ನು ಹೊಂದಿಕೆಯಾಗುವಂತೆ ಆರಿಸಿ ಒಟ್ಟಿಗೇ ಬದಲಿಸುವುದು ವಾಡಿಕೆ. ಖರ್ಚಿನ ಲೆಕ್ಕದಲ್ಲಿ ಇದು ಸೇರಲೇಬೇಕು. ಕಾರ್ಖಾನೆ ನಿಂತರೆ ಏನಾಗುತ್ತದೆಂದು ಕುರಕುಂಟಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಸಿಮೆಂಟ್ ಕಾರ್ಪೊರೇಷನ್ ಘಟಕ 1990ರ ದಶಕದ ಕೊನೆಯಲ್ಲಿ ಉತ್ಪಾದನೆ ನಿಲ್ಲಿಸಿದ್ದನ್ನು ಊರು ಕಂಡಿದೆ. ಜಗತ್ತಿನಲ್ಲಿ ಇಂದು ಆಂಪ್ಲಿಫೈಯರ್ ವಾಲ್ವುಗಳು ಮುಖ್ಯವಾಗಿ ಬರುವುದು ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾದ ಬೆರಳೆಣಿಕೆಯ ಕಾರ್ಖಾನೆಗಳಿಂದ. 2022ರ ಮಾರ್ಚಿನಲ್ಲಿ ಯುದ್ಧದ ಹಿನ್ನೆಲೆಯಲ್ಲಿ ರಷ್ಯಾ ರಫ್ತಿಗೆ ತಡೆ ಹಾಕಿದಾಗ ಲೋಕದ ಗಿಟಾರ್ ವಾದಕರೆಲ್ಲ ಕಂಗಾಲಾದರು. ಸಾಗಣೆ ಮತ್ತೆ ಶುರುವಾದರೂ ಬೆಲೆ ಏರಿತು. ಆದ್ದರಿಂದ ಅಪರೂಪದ ವಾಲ್ವು ಬೇಡುವ ಮಾದರಿಗಿಂತ ಎಲ್ಲೆಡೆ ಸಿಗುವ ವಾಲ್ವಿನ ಮಾದರಿ ವಾಸಿ.

ನಾಲ್ಕನೆಯದು, ರಿಪೇರಿ. ಖಾತರಿ ಚೀಟಿ ಬಹಳ ಸಲ ಮಾರಾಟವಾದ ದೇಶಕ್ಕಷ್ಟೇ ಸೀಮಿತ. ಸುಮಾರು 36 ಕಿಲೋ ತೂಗುವ ಪೆಟ್ಟಿಗೆಯನ್ನು ಹಡಗಿನಲ್ಲಿ ಹಿಂದಕ್ಕೆ ಕಳಿಸುವುದು ಆಗದ ಮಾತು. ಕುರಕುಂಟಾದವರು ಕಲಬುರಗಿಗೆ ಹೋಗಬೇಕು, ಇಲ್ಲವೇ ರೈಲು ಹಿಡಿದು ಹೈದರಾಬಾದಿಗೆ. ವಾಡಿ–ಸಿಕಂದರಾಬಾದ್ ಮಾರ್ಗ 1874ರಿಂದಲೂ ಇದೆ, ಆದರೆ ದಾರಿಯಿದ್ದರೆ ಸಾಲದು, ಕೆಲಸ ಬಲ್ಲ ಕೈ ಬೇಕು. ವಾಲ್ವ್ ಬಲ್ಲ ಹಳೆಯ ರೇಡಿಯೊ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಯಂತ್ರದ ಸರ್ಕ್ಯೂಟ್ ನಕ್ಷೆ ಸಿಗುತ್ತದೆಯೇ, ಅದನ್ನು ಓದಬಲ್ಲವರು ಒಂದು ದಿನದ ಪ್ರಯಾಣದೊಳಗೆ ಇದ್ದಾರೆಯೇ ಎಂದು ಹಣ ಕೊಡುವ ಮೊದಲೇ ವಿಚಾರಿಸಬೇಕು. ಸ್ವತಃ ಮುಚ್ಚಳ ತೆರೆಯುವ ಸಾಹಸ ಸಲ್ಲದು. ಒಳಗೆ ನೂರಾರು ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರುಗಳಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಸ್ಪೀಕರ್ ಜೋಡಿಸದೆ ಆಂಪ್ಲಿಫೈಯರ್ ನುಡಿಸುವುದೂ ಕೂಡದು. ಅದರಿಂದ ಟ್ರಾನ್ಸ್‌ಫಾರ್ಮರ್ ಹಾಳಾಗುತ್ತದೆ.

ಹಳೆಯ ಅಸಲಿ ಮಾಲೇ ಬೇಕೆನ್ನುವವರಿಗೂ ಎಚ್ಚರ ಬೇಕು. 1970ರ ಆಂಪ್ಲಿಫೈಯರಿಗೆ ಈಗ 50 ದಾಟಿದೆ. ಅದರ ಕೆಪ್ಯಾಸಿಟರುಗಳು ಒಣಗಿರುತ್ತವೆ, ಯಾರು ಯಾರೋ ಕೈಯಾಡಿಸಿರುತ್ತಾರೆ. ಅಸಲಿ ಎಂಬ ಮಾತು ದೃಢತೆಗೆ ಖಾತರಿಯಾಗದು. ಇನ್ನು ಊರೂರು ತಿರುಗುವ ರಸಮಂಜರಿ ತಂಡಕ್ಕೆ ಕೆಲವೇ ಕಿಲೋ ತೂಗುವ ಇಂದಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರೇ ಸಾಕೆಂದು ಹೇಳುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ.

ಇಷ್ಟಾದರೂ ಆ ಕೆಂಡದ ಮಿನುಗು, ಆ ತುಂಬು ದನಿ ಬೇಕೇ ಬೇಕೆನ್ನುವವರು ಇರುತ್ತಾರೆ. ಬೇಡವೆನ್ನಲು ಯಾರಿಗೂ ಹಕ್ಕಿಲ್ಲ. ಅಂಥವರು ‘ಯಾವ ದೇಶದ್ದು’ ಎಂದು ಕೇಳಬಾರದೆಂದಲ್ಲ, ಕೇಳಿ ಅಲ್ಲಿಗೇ ನಿಲ್ಲಬಾರದು. ಫರ್ಸಿ ಕೊಳ್ಳುವ ಗೌಂಡಿಯೂ ಕಲ್ಲಿನ ಊರು ಕೇಳುತ್ತಾನೆ. ಆದರೆ ಲಾರಿಯಿಂದ ಇಳಿಸಿಕೊಳ್ಳುವ ಮೊದಲು ಒಮ್ಮೆ ಬಡಿದು ನೋಡದೆ ಬಿಡುವುದಿಲ್ಲ.