ಕಟ್ಟೆ ಕೆಳಗಿನ ಗೂಡಿಗೆ ನಿಮ್ಮದೇ ಕೈಯ ಬಾಗಿಲು

ಅಡುಗೆ ಕಟ್ಟೆಯ ಕೆಳಗಿನ ಕಡಪ ಕಲ್ಲಿನ ಗೂಡುಗಳಿಗೆ ಬಾಗಿಲಿಲ್ಲವೇ? ಡಬ್ಬಿಗಳ ಮೇಲೆ ಜಿಡ್ಡು, ರಾತ್ರಿಯಾದರೆ ಜಿರಳೆಗಳ ಓಡಾಟ. ನೆಂಟರು ಬಂದರೆ ಹಳೇ ಸೀರೆಯ ಪರದೆ ಎಳೆದುಬಿಡ್ತೀರಿ, ಅಲ್ವಾ? ಎರಡು ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಬಾಗಿಲು ನೀವೇ ಕೂರಿಸಬಹುದು.

ಕಲ್ಲಿಗೆ ಹಿಂಜ್ ಹಿಡಿಯುವುದಿಲ್ಲ. ಹಾಗಾಗಿ ಮೊದಲು ಗೂಡಿನ ಎರಡೂ ಪಕ್ಕದ ಗೋಡೆಗೆ 2 ಅಂಗುಲ ಅಗಲದ ಮರದ ಪಟ್ಟಿಯನ್ನು ಡ್ರಿಲ್, ಪ್ಲಗ್, ಸ್ಕ್ರೂ ಬಳಸಿ ಬಿಗಿಯಿರಿ. ಗೋಡೆಯೊಳಗೆ ನೀರಿನ ಪೈಪು, ವೈರು ಹೋಗಿದೆಯೇ ಅಂತ ಮೊದಲೇ ವಿಚಾರಿಸಿ.

ಈಗ ಪಟ್ಟಿಗಳ ನಡುವಿನ ಅಳತೆ. ಹಳೇ ಗೋಡೆ ನೇರವಾಗಿರುವುದಿಲ್ಲ. ಮೇಲೆ, ಮಧ್ಯೆ, ಕೆಳಗೆ ಮೂರು ಕಡೆ ಅಳೆದು ಕಡಿಮೆ ಬಂದದ್ದನ್ನೇ ಹಿಡಿಯಿರಿ. ಸುತ್ತಲೂ, ಎರಡು ಬಾಗಿಲ ನಡುವೆಯೂ 3 ಮಿ.ಮೀ. ಸಂದು ಬೇಕು. ಗೂಡು 600 ಮಿ.ಮೀ. ಅಗಲ, 650 ಎತ್ತರ ಇದ್ದರೆ ಒಂದೊಂದು ಬಾಗಿಲು 295.5 ಅಗಲ, 644 ಎತ್ತರ. ಅಂಚಿಗೆ ಪಟ್ಟಿ ಅಂಟಿಸುವುದಾದರೆ ಅದರ ದಪ್ಪವನ್ನೂ ಕಳೆಯಿರಿ.

ಸಿಂಕ್ ಹತ್ತಿರಕ್ಕೆ ಮಾಮೂಲಿ ಪ್ಲೈವುಡ್ ಬೇಡ. ಐಎಸ್ 710 ಗುರುತಿನ 18 ಮಿ.ಮೀ. ಮೆರೀನ್ ಪ್ಲೈ ಕೇಳಿ. ಕೆಲವು ಅಂಗಡಿಯವರು ಅಳತೆಗೆ ಕತ್ತರಿಸಿಯೂ ಕೊಡ್ತಾರೆ. ಸನ್ಮೈಕಾ ಎರಡೂ ಬದಿಗೆ ಅಂಟಿಸಿ. ಒಂದೇ ಬದಿಗಾದರೆ ಬಾಗಿಲು ಸೊಟ್ಟಗಾಗುತ್ತದೆ. ನಾಲ್ಕೂ ಅಂಚು ಮುಚ್ಚಿರಿ, ನೀರು ಒಳಹೋಗುವುದೇ ಅಲ್ಲಿಂದ.

ಕೂರಿಸುವಾಗ ನಾಲ್ಕು ಹಳೇ ಎಟಿಎಂ ಕಾರ್ಡುಗಳನ್ನು ಒಂದರ ಮೇಲೊಂದು ಜೋಡಿಸಿ ಬಾಗಿಲ ಕೆಳಗಿಡಿ. ಸರಿಯಾಗಿ 3 ಮಿ.ಮೀ. ಸಂದು ಸಿಗುತ್ತೆ! ಸ್ಟೀಲ್ ಹಿಂಜ್‌ನ ಒಂದು ರೆಕ್ಕೆ ಪಟ್ಟಿಯ ಮುಖಕ್ಕೆ, ಇನ್ನೊಂದು ಬಾಗಿಲ ಮುಖಕ್ಕೆ ಬರಲಿ. ಪ್ಲೈ ಅಂಚಿಗೆ ಹೊಡೆದ ಸ್ಕ್ರೂ ಬಹಳ ದಿನ ನಿಲ್ಲುವುದಿಲ್ಲ. 15 ಮಿ.ಮೀ. ಸ್ಕ್ರೂ ಸಾಕು. ಮೊದಲು ಒಂದೊಂದೇ ಸ್ಕ್ರೂ ಹಾಕಿ, ಬಾಗಿಲು ಆಡಿಸಿ ನೋಡಿ, ಆಮೇಲೆ ಉಳಿದದ್ದು.

ಒಂದು ಎಚ್ಚರಿಕೆ: ಸಿಲಿಂಡರ್ ಇರುವ ಗೂಡನ್ನು ಮುಚ್ಚಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲೇ ಶೇಖರವಾಗುತ್ತದೆ. ಬಾಗಿಲು ಮುಚ್ಚಿದ್ದರೆ ವಾಸನೆಯೂ ತಡವಾಗಿ ಬರುತ್ತದೆ. ಚೆಂದಕ್ಕಾಗಿ ಬಾಗಿಲು ಬೇಕೇ ಬೇಕೆಂದರೆ ಕೆಳಗೂ ಮೇಲೂ ಗಾಳಿ ಆಡುವಷ್ಟು ಜಾಲರಿ ಇರಲಿ, ರೆಗ್ಯುಲೇಟರ್ ಥಟ್ಟನೆ ಕೈಗೆ ಸಿಗಲಿ. ಅನಿಲ ಸೋರಿಕೆಯ ಸಹಾಯವಾಣಿ 1906 ಅನ್ನು ಬಾಗಿಲ ಒಳಬದಿಯಲ್ಲೇ ಬರೆದಿಡಿ.

ಮೊದಲು ಒಂದೇ ಗೂಡು ಮುಗಿಸಿ. ಕೈ ಪಳಗಿದ ಮೇಲೆ ಉಳಿದವು ಸಲೀಸು.