ಲ್ಯಾಪ್‌ಟಾಪ್‌ನ ಸೌಂಡ್ ಕಾರ್ಡೇ ಇಲ್ಲಿ ಮೋಡೆಮ್: ಹ್ಯಾಮ್ ರೇಡಿಯೋದ ಡಿಜಿಟಲ್ ಮೋಡ್‌ಗೆ ಕಂಪ್ಯೂಟರ್ ಸಜ್ಜುಗೊಳಿಸುವುದು ಹೇಗೆ?

2004ರ ಡಿಸೆಂಬರ್ 26. ಸುನಾಮಿ ಅಪ್ಪಳಿಸಿದ ದಿನ ಅಂಡಮಾನ್‌ನಲ್ಲಿ ಫೋನ್ ಸಂಪರ್ಕ ಕಡಿದು ಹೋಯಿತು. ಆಗ ಪೋರ್ಟ್‌ಬ್ಲೇರ್‌ನಲ್ಲಿ ಹವ್ಯಾಸಿ ರೇಡಿಯೋ ಕೇಂದ್ರ ನಡೆಸುತ್ತಿದ್ದ ಭಾರತಿ ಪ್ರಸಾದ್ ಮತ್ತು ಅವರ ತಂಡ ದ್ವೀಪದ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತು. ಹವ್ಯಾಸಕ್ಕೆಂದು ಹೋದವರು ಅಲ್ಲಿನ ಜನರ ಪಾಲಿಗೆ ದೊಡ್ಡ ಆಸರೆಯಾದರು. ಅವತ್ತು ಕೆಲಸಕ್ಕೆ ಬಂದದ್ದು ಟವರ್ ಅಲ್ಲ, ಸಿಮ್ ಅಲ್ಲ. ಒಂದು ರೇಡಿಯೋ ಸೆಟ್, ಒಂದು ತಂತಿ, ಅದನ್ನು ನಡೆಸಲು ಬಲ್ಲ ಜನ.

ಇಪ್ಪತ್ತು ವರ್ಷಗಳಲ್ಲಿ ಹ್ಯಾಮ್ ರೇಡಿಯೋ ತುಂಬಾ ಬದಲಾಗಿದೆ. ಮೈಕ್ ಹಿಡಿದು ಮಾತಾಡುವುದರ ಜೊತೆಗೆ ಈಗ ಕಂಪ್ಯೂಟರ್ ಮೂಲಕ ಅಕ್ಷರ, ಚಿತ್ರ ಕಳಿಸುವ ಡಿಜಿಟಲ್ ಮೋಡ್‌ಗಳು ಜನಪ್ರಿಯವಾಗಿವೆ. ಇದಕ್ಕೆ ದುಬಾರಿ ಯಂತ್ರ ಬೇಕು ಅಂದುಕೊಂಡು ಎಷ್ಟೋ ಯುವಕರು ಹಿಂದೆ ಸರಿಯುತ್ತಾರೆ. ನಿಜ ಹೇಳಬೇಕೆಂದರೆ ಬೇಕಾದ ಮುಖ್ಯ ಭಾಗ ಎಲ್ಲರ ಲ್ಯಾಪ್‌ಟಾಪ್‌ನಲ್ಲೂ ಇದೆ. ಅದೇ ಸೌಂಡ್ ಕಾರ್ಡ್.

ಸೋನ್ಯಾಳದಿಂದ ಮಂಗಳೂರಿಗೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸೋನ್ಯಾಳ ಇರುವುದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ ತಾಲೂಕಿನಲ್ಲಿ. ರಾಜ್ಯದ ಗಡಿ ದಾಟಿದರೂ ಕನ್ನಡ ಮಾತು ನಿಲ್ಲದ, ಮಳೆ ಕಡಿಮೆ ಬೀಳುವ ಬಯಲು ಸೀಮೆ ಅದು. ಅಲ್ಲಿಂದ ಮಂಗಳೂರಿಗೆ ನೇರ ಗೆರೆ ಎಳೆದರೂ 450 ಕಿ.ಮೀ.ಗಿಂತ ಹೆಚ್ಚು. ನಡುವೆ ಪಶ್ಚಿಮ ಘಟ್ಟ. ಕೈಯಲ್ಲಿ ಹಿಡಿಯುವ ವಾಕಿಟಾಕಿಯ ಸಿಗ್ನಲ್ ಇಷ್ಟು ದೂರ ಹೋಗುವ ಮಾತೇ ಇಲ್ಲ.

ಆದರೆ 7 ಮೆಗಾಹರ್ಟ್ಸ್ ಬ್ಯಾಂಡ್‌ನ ಅಲೆಗಳು ಮೇಲಕ್ಕೆ ಹೋಗಿ, ವಾಯುಮಂಡಲದ ಅಯಾನುಗೋಳದಲ್ಲಿ ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತವೆ. ಹಗಲು ಹೊತ್ತಿನಲ್ಲಿ ಇಂಥ ದೂರಕ್ಕೆ ಈ ಬ್ಯಾಂಡ್ ಚೆನ್ನಾಗಿ ಒದಗುತ್ತದೆ. ಎರಡು ಮರಗಳ ನಡುವೆ ಸುಮಾರು 20 ಮೀಟರ್ ತಂತಿಯನ್ನು ಮಧ್ಯಕ್ಕೆ ಕತ್ತರಿಸಿ ಕಟ್ಟಿದರೆ ಡೈಪೋಲ್ ಆಂಟೆನಾ ಸಿದ್ಧ. ಸಿಗ್ನಲ್ ದುರ್ಬಲವಾಗಿದ್ದು ಮಾತು ಗುರುತು ಸಿಗದ ಹೊತ್ತಿನಲ್ಲಿ ಡಿಜಿಟಲ್ ಮೋಡ್ ನೆರವಿಗೆ ಬರುತ್ತದೆ.

ಸೌಂಡ್ ಕಾರ್ಡ್ ಮಾಡುವ ಕೆಲಸವೇನು?

ಹಳೇ ಕಾಲದ ಡಯಲ್ ಅಪ್ ಇಂಟರ್ನೆಟ್‌ನ 'ಕೀಂ ಕೀಂ' ಸದ್ದು ನೆನಪಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಸ್ವರಗಳನ್ನಾಗಿ ಮಾಡುತ್ತದೆ. ಸೌಂಡ್ ಕಾರ್ಡ್ ಆ ಸ್ವರವನ್ನು ರೇಡಿಯೋದ ಮೈಕ್ ಜಾಗಕ್ಕೆ ಕೊಡುತ್ತದೆ. ರೇಡಿಯೋ ಅದನ್ನು ಆಕಾಶಕ್ಕೆ ಬಿಡುತ್ತದೆ. ಆ ಕಡೆಯ ರೇಡಿಯೋದಿಂದ ಬಂದ ಸದ್ದನ್ನು ಅಲ್ಲಿನ ಸೌಂಡ್ ಕಾರ್ಡ್ ಕೇಳಿಸಿಕೊಂಡು ಅಂಕೆಗಳಾಗಿ ಬದಲಿಸುತ್ತದೆ, ಸಾಫ್ಟ್‌ವೇರ್ ಅದನ್ನು ಮತ್ತೆ ಅಕ್ಷರ ಮಾಡುತ್ತದೆ. ಅಷ್ಟೇ.

1998ರಲ್ಲಿ ಇಂಗ್ಲೆಂಡಿನ ಹ್ಯಾಮ್ ಪೀಟರ್ ಮಾರ್ಟಿನೆಝ್ ಹೊರತಂದ ಪಿಎಸ್‌ಕೆ31 ಈ ದಾರಿಯನ್ನು ಜನಸಾಮಾನ್ಯರಿಗೆ ತೆರೆಯಿತು. 2017ರಲ್ಲಿ ಬಂದ ಎಫ್‌ಟಿ8 ಜಗತ್ತಿನಾದ್ಯಂತ ಹಬ್ಬಿತು. ಇದನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಜೋ ಟೇಲರ್, 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ವಿಜ್ಞಾನಿ. ಇನ್ನೊಬ್ಬರು ಸ್ಟೀವ್ ಫ್ರಾಂಕ್. ಎಫ್‌ಟಿ8 ಸಂದೇಶ ಹಿಡಿಯುವ ಅಗಲ ಕೇವಲ 50 ಹರ್ಟ್ಸ್. ಕೇಳುವ ಪಟ್ಟಿಯ ಗದ್ದಲಕ್ಕಿಂತ ಸಿಗ್ನಲ್ ನೂರು ಪಟ್ಟು ಕ್ಷೀಣವಾಗಿದ್ದರೂ ಸಾಫ್ಟ್‌ವೇರ್ ಅದನ್ನು ಹೆಕ್ಕಿ ತೆಗೆಯಬಲ್ಲದು. ಕಿವಿಗೆ ಏನೂ ಕೇಳಿಸುವುದಿಲ್ಲ, ಪರದೆಯಲ್ಲಿ ಮಾತ್ರ ಹೆಸರು ಮೂಡುತ್ತದೆ.

ಮೊದಲು ಪರವಾನಗಿ, ಆಮೇಲೆ ಪ್ರಸಾರ

ಇಲ್ಲಿ ಯುವಕರು ಗಟ್ಟಿಯಾಗಿ ನೆನಪಿಡಬೇಕಾದ ಮಾತೊಂದಿದೆ. ಭಾರತದಲ್ಲಿ ಪರವಾನಗಿ ಇಲ್ಲದೆ ಹ್ಯಾಮ್ ಬ್ಯಾಂಡ್‌ನಲ್ಲಿ ಪ್ರಸಾರ ಮಾಡುವುದು ಅಪರಾಧ. ಆನ್‌ಲೈನ್‌ನಲ್ಲಿ ಸೆಟ್ ಮಾರಾಟಕ್ಕಿದೆ ಎಂಬ ಕಾರಣಕ್ಕೆ ಅದನ್ನು ಬಳಸಬಹುದು ಎಂದರ್ಥವಲ್ಲ. ಗಲ್ಫ್‌ನಿಂದ ರಜೆಗೆ ಬರುವಾಗ 'ಅಲ್ಲಿ ಅಗ್ಗಕ್ಕೆ ಸಿಕ್ತು' ಅಂತ ಬ್ಯಾಗಿನಲ್ಲಿ ಸೆಟ್ ಹಾಕಿಕೊಂಡು ಬಂದರೆ ವಿಮಾನ ನಿಲ್ದಾಣದಲ್ಲೇ ತೊಂದರೆ ಶುರುವಾಗಬಹುದು. ತುರಾಯ, ಇರಿಡಿಯಂ ಸ್ಯಾಟಲೈಟ್ ಫೋನ್‌ಗಳಂತೂ ಅನುಮತಿ ಇಲ್ಲದೆ ಇಲ್ಲಿ ನಿಷಿದ್ಧ. ಕರಾವಳಿಯಲ್ಲಿ ಇಂಥ ವಿಷಯದ ತನಿಖೆ ಎಷ್ಟು ಬಿಗಿಯಾಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹವ್ಯಾಸಕ್ಕೆ ತಂದ ಸೆಟ್ ಇಡೀ ಮನೆಯವರನ್ನು ಠಾಣೆಯ ಮೆಟ್ಟಿಲು ಹತ್ತಿಸಬಾರದು.

ಪರವಾನಗಿ ಪಡೆಯುವುದು ಕಷ್ಟವೇನಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಇದನ್ನು ನೋಡಿಕೊಳ್ಳುತ್ತದೆ. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ಮತ್ತು ಜನರಲ್ ಎಂದು ಎರಡು ದರ್ಜೆ. ರಿಸ್ಟ್ರಿಕ್ಟೆಡ್‌ಗೆ ಮೋರ್ಸ್ ಬೇಕಿಲ್ಲ, ಜನರಲ್‌ಗೆ ಬೇಕು. ಅರ್ಜಿ ಸರಳ್ ಸಂಚಾರ್ ಪೋರ್ಟಲ್ ಮೂಲಕ. ಪಾಸಾದವರಿಗೆ ವಿಯು2 ಅಥವಾ ವಿಯು3 ಎಂದು ಆರಂಭವಾಗುವ ಕರೆಸಂಕೇತ ಸಿಗುತ್ತದೆ. ಮಂಗಳೂರು ಅಮೆಚೂರ್ ರೇಡಿಯೋ ಕ್ಲಬ್, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಮುಂತಾದ ಕಡೆ ಅನುಭವಿಗಳಿದ್ದಾರೆ. ಪರವಾನಗಿ ಕೈಗೆ ಬಂದ ಮೇಲೆ ಅದರಲ್ಲಿ ಬರೆದ ಬ್ಯಾಂಡ್, ವಾಟ್, ಪ್ರಸಾರ ವಿಧಾನ ಮೂರನ್ನೂ ಓದಿಕೊಂಡೇ ಸ್ವಿಚ್ ಒತ್ತಬೇಕು. ವ್ಯಾಪಾರದ ಸಂದೇಶ, ಗುಪ್ತ ಭಾಷೆ ಎರಡೂ ನಿಷಿದ್ಧ. ಡಿಜಿಟಲ್ ಮೋಡ್ ಗುಪ್ತ ಭಾಷೆ ಅಲ್ಲ. ಅದರ ವಿಧಾನ ಬಹಿರಂಗ, ಯಾರ ಕಂಪ್ಯೂಟರ್ ಬೇಕಾದರೂ ಓದುತ್ತದೆ.

ಖರ್ಚಿಲ್ಲದೆ ಕೇಳಿ ಕಲಿಯುವ ದಾರಿ

ಪರೀಕ್ಷೆಗೆ ಓದುತ್ತಿರುವಾಗಲೇ ಸೌಂಡ್ ಕಾರ್ಡ್ ಕೆಲಸ ಕಲಿಯಬಹುದು. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿರುವ ವೆಬ್‌ಎಸ್‌ಡಿಆರ್ ರಿಸೀವರನ್ನು ಬ್ರೌಸರ್‌ನಲ್ಲೇ ತೆರೆದು ಕೇಳಬಹುದು. ಅದನ್ನು 7074 ಕಿಲೋಹರ್ಟ್ಸ್‌ಗೆ ಹಚ್ಚಿ, ಅಪ್ಪರ್ ಸೈಡ್‌ಬ್ಯಾಂಡ್ ಆಯ್ದುಕೊಳ್ಳಬೇಕು. ಡಬ್ಲ್ಯುಎಸ್‌ಜೆಟಿ-ಎಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಬೇಕು. ಮೊಬೈಲ್‌ನಲ್ಲಿ ವೆಬ್‌ಎಸ್‌ಡಿಆರ್ ನುಡಿಸಿ ಲ್ಯಾಪ್‌ಟಾಪ್‌ನ ಮೈಕ್ ಪಕ್ಕ ಇಟ್ಟರೂ ಪರದೆಯಲ್ಲಿ ಕರೆಸಂಕೇತಗಳು ಸಾಲಾಗಿ ಬರತೊಡಗುತ್ತವೆ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಮಾಡುವುದಾದರೆ ವಿಬಿ-ಕೇಬಲ್‌ನಂಥ ವರ್ಚುವಲ್ ಆಡಿಯೋ ಕೇಬಲ್ ಬಳಸಬಹುದು. ಬ್ರೌಸರ್‌ನ ಸದ್ದು ಹೊರಗೆ ಬರದೆ ನೇರ ಸಾಫ್ಟ್‌ವೇರ್‌ಗೆ ಹೋಗುತ್ತದೆ.

ಗಲ್ಫ್‌ನಲ್ಲಿ ಬಂಧುಗಳಿರುವ ಮನೆಗಳಲ್ಲಿ ಇದೊಂದು ಮಜಾ. ಎ6 ಎಂದು ಶುರುವಾದರೆ ಯುಎಇ, ಎಚ್‌ಝಡ್ ಅಂದರೆ ಸೌದಿ, ಎ4 ಒಮಾನ್, ಎ7 ಕತಾರ್, 9ಕೆ ಕುವೈತ್. ಜೊತೆಗೆ ನಾಲ್ಕು ಅಕ್ಷರ-ಅಂಕೆಗಳ ಸ್ಥಳಸೂಚಿ ಬರುತ್ತದೆ. ಮಂಗಳೂರು ಎಂಕೆ72, ಬೆಂಗಳೂರು ಎಂಕೆ82, ಜತ್ ಪಟ್ಟಣ ಎಂಕೆ77, ದುಬೈ ಎಲ್‌ಎಲ್75. ಭೂಪಟ ಇಟ್ಟುಕೊಂಡು ನೋಡಿದರೆ ಮಕ್ಕಳಿಗೆ ಭೂಗೋಳವೂ ಬರುತ್ತದೆ.

ಜೋಡಣೆ: ಮೂರು ತಂತಿಯ ಲೆಕ್ಕ

ರೇಡಿಯೋ ಮತ್ತು ಕಂಪ್ಯೂಟರ್ ನಡುವೆ ಮೂರು ಸಂಪರ್ಕ ಬೇಕು. ರೇಡಿಯೋದ ಸದ್ದು ಕಂಪ್ಯೂಟರ್‌ಗೆ, ಕಂಪ್ಯೂಟರ್‌ನ ಸದ್ದು ರೇಡಿಯೋಗೆ, ಮತ್ತು 'ಈಗ ಪ್ರಸಾರ ಮಾಡು' ಎಂಬ ಪಿಟಿಟಿ ಆದೇಶ. ಐಕಾಂ ಐಸಿ-7300ರಂಥ ಹೊಸ ಸೆಟ್‌ಗಳ ಒಳಗೇ ಸೌಂಡ್ ಕಾರ್ಡ್ ಇದೆ. ಒಂದು ಯುಎಸ್‌ಬಿ ಕೇಬಲ್ ಚುಚ್ಚಿದರೆ ಮೂರೂ ಕೆಲಸ ಆಗುತ್ತದೆ. ಹಳೇ ಸೆಟ್ ಇದ್ದವರು ಸಿಗ್ನಾಲಿಂಕ್‌ನಂಥ ಡಬ್ಬಿ ಕೊಳ್ಳಬಹುದು, ಇಲ್ಲವೇ ಕಡಿಮೆ ಬೆಲೆಯ ಯುಎಸ್‌ಬಿ ಸೌಂಡ್ ಕಾರ್ಡ್ ತಂದು ತಾವೇ ಮಾಡಿಕೊಳ್ಳಬಹುದು.

ಲ್ಯಾಪ್‌ಟಾಪ್‌ನ ಸ್ವಂತ ಹೆಡ್‌ಫೋನ್ ಜ್ಯಾಕ್‌ಗಿಂತ ಬೇರೆ ಯುಎಸ್‌ಬಿ ಕಾರ್ಡ್ ಒಳ್ಳೆಯದು. ಕಾರಣ ಸರಳ. ವಾಟ್ಸ್‌ಆ್ಯಪ್‌ನ 'ಟಿಂಗ್' ಸದ್ದು, ಯೂಟ್ಯೂಬ್‌ನ ಹಾಡು ಆಕಾಶಕ್ಕೆ ಹೋಗಬಾರದು. ರೇಡಿಯೋಗೆ ಒಂದು ಕಾರ್ಡ್, ಉಳಿದ ಸದ್ದಿಗೆಲ್ಲ ಲ್ಯಾಪ್‌ಟಾಪ್‌ನದೇ ಕಾರ್ಡ್.

ಕೈಯಲ್ಲೇ ಮಾಡುವವರು ಮೂರು ವಿಷಯ ಗಮನಿಸಬೇಕು. ಒಂದು, ಸೌಂಡ್ ಕಾರ್ಡ್ ಹೊರಬಿಡುವುದು ಸುಮಾರು 1 ವೋಲ್ಟ್, ರೇಡಿಯೋದ ಮೈಕ್ ಬಯಸುವುದು ಕೆಲವೇ ಮಿಲಿವೋಲ್ಟ್. ನಡುವೆ 10 ಕಿಲೋಓಮ್ ಮತ್ತು 100 ಓಮ್ ರೆಸಿಸ್ಟರ್ ಜೋಡಿಸಿದರೆ ಸದ್ದು ನೂರನೇ ಒಂದು ಪಾಲಿಗೆ ಇಳಿಯುತ್ತದೆ. ಎರಡು, ಎರಡೂ ದಾರಿಯಲ್ಲಿ 600 ಓಮ್‌ನ 1:1 ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕಬೇಕು. ಇಲ್ಲದಿದ್ದರೆ ಕರೆಂಟಿನ 'ಹಮ್' ಸದ್ದು ಸೇರಿಕೊಳ್ಳುತ್ತದೆ. ಕಾರ್ಡ್‌ನ ಮೈಕ್ ತುದಿಯಲ್ಲಿ ಒಂದೆರಡು ವೋಲ್ಟ್ ಡಿಸಿ ಇರುವುದರಿಂದ ಅಲ್ಲಿ ಒಂದು ಕೆಪಾಸಿಟರ್ ಕೂಡ ಬೇಕು. ಮೂರು, ಪಿಟಿಟಿಗೆ ಆಪ್ಟೋಕಪ್ಲರ್ ಬಳಸಿದರೆ ರೇಡಿಯೋ ಮತ್ತು ಕಂಪ್ಯೂಟರ್ ನಡುವೆ ನೇರ ವಿದ್ಯುತ್ ಸಂಪರ್ಕ ಇರುವುದಿಲ್ಲ. ಅಷ್ಟೂ ಬೇಡ ಅನ್ನುವವರಿಗೆ ಸೆಟ್‌ನಲ್ಲಿ ವಾಕ್ಸ್ ಇದ್ದರೆ ಸಾಕು, ಸದ್ದು ಬಂದ ಕೂಡಲೇ ಸೆಟ್ ತಾನೇ ಪ್ರಸಾರಕ್ಕೆ ತಿರುಗುತ್ತದೆ.

ವಿಂಡೋಸ್‌ನಲ್ಲಿ ಮಾಡಬೇಕಾದ್ದು

ಸೌಂಡ್ ಸೆಟ್ಟಿಂಗ್ಸ್ ತೆರೆದು ರೇಡಿಯೋದ ಕಾರ್ಡ್ 'ಡಿಫಾಲ್ಟ್' ಆಗಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಇನ್‌ಪುಟ್, ಔಟ್‌ಪುಟ್ ಎರಡನ್ನೂ 16 ಬಿಟ್, 48000 ಹರ್ಟ್ಸ್‌ಗೆ ಇಡಬೇಕು. ಮೈಕ್ ಬೂಸ್ಟ್, ನಾಯ್ಸ್ ಸಪ್ರೆಶನ್, ಎನ್‌ಹಾನ್ಸ್‌ಮೆಂಟ್ ಎಲ್ಲವನ್ನೂ ಆಫ್ ಮಾಡಬೇಕು. ಇವು ಮನುಷ್ಯರ ಧ್ವನಿಗೆ ಮಾಡಿದ ಸೌಲಭ್ಯಗಳು. ಡಿಜಿಟಲ್ ಸಿಗ್ನಲನ್ನು ಗದ್ದಲವೆಂದು ತಿಳಿದು ಒರೆಸಿ ಹಾಕುತ್ತವೆ.

ನಂತರ ಸಾಫ್ಟ್‌ವೇರ್‌ನ ಆಡಿಯೋ ಪುಟದಲ್ಲಿ ಅದೇ ಕಾರ್ಡ್ ಆರಿಸಬೇಕು. ಸಿಗ್ನಲ್ ಇಲ್ಲದಾಗ ಪರದೆಯ ಎಡಗಡೆಯ ಹಸಿರು ಪಟ್ಟಿ 30 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ಕೇಳುವ ಮಟ್ಟ ಸರಿಯಿದೆ ಎಂದರ್ಥ. ಪಟ್ಟಿ ಕೆಂಪಾದರೆ ಸದ್ದು ಜಾಸ್ತಿ, ತಗ್ಗಿಸಬೇಕು.

ಎಫ್‌ಟಿ8ಕ್ಕೆ ಗಡಿಯಾರವೂ ಮುಖ್ಯ. ಪ್ರತಿ 15 ಸೆಕೆಂಡಿಗೆ ಒಂದು ಸರದಿ. ಒಬ್ಬರು ಕಳಿಸುವಾಗ ಇನ್ನೊಬ್ಬರು ಕೇಳುತ್ತಾರೆ. ಕಂಪ್ಯೂಟರ್‌ನ ಸಮಯ ಒಂದು ಸೆಕೆಂಡಿಗಿಂತ ಹೆಚ್ಚು ಹಿಂದೆ ಮುಂದೆ ಇರದಂತೆ ನೋಡಿಕೊಳ್ಳಬೇಕು. ಸಾಕಷ್ಟು ಸಿಗ್ನಲ್ ಕಂಡರೂ ಒಂದೂ ಅಕ್ಷರ ಮೂಡದಿದ್ದರೆ ಮೊದಲು ಗಡಿಯಾರವನ್ನೇ ನೋಡಬೇಕು. ಇಂಟರ್ನೆಟ್ ಇದ್ದಲ್ಲಿ ಅದರ ಮೂಲಕ, ಇಲ್ಲದಲ್ಲಿ ಜಿಪಿಎಸ್ ರಿಸೀವರ್ ಮೂಲಕ ಸಮಯ ಸರಿಮಾಡಬಹುದು. 'ಡಿಟಿ' ಎಂಬ ಸಾಲಿನಲ್ಲಿ ಎಲ್ಲರ ಅಂಕೆಯೂ ಒಂದೇ ಕಡೆಗೆ ವಾಲಿದ್ದರೆ ತಪ್ಪು ನಮ್ಮ ಗಡಿಯಾರದ್ದೇ.

ಹೆಚ್ಚಿನವರು ಎಡವುವುದು ಇಲ್ಲಿ

ಸದ್ದು ಜಾಸ್ತಿ ಕೊಟ್ಟರೆ ದೂರ ಹೋಗುತ್ತದೆ ಎಂಬುದು ಹೊಸಬರ ತಪ್ಪು ಕಲ್ಪನೆ. ಸದ್ದು ಮಿತಿ ಮೀರಿದರೆ ಸ್ವರ ಒಡೆಯುತ್ತದೆ. 700 ಹರ್ಟ್ಸ್‌ನ ಸ್ವರದ ಜೊತೆಗೆ 1400, 2100ರಲ್ಲೂ ನಕಲಿ ಸ್ವರ ಹುಟ್ಟಿ ಪಕ್ಕದವರ ಸಂಭಾಷಣೆ ಕೆಡಿಸುತ್ತದೆ. ಮಸೀದಿಯ ಮೈಕ್ ಆಗಲಿ, ಮದುವೆ ಮನೆಯ ಮೈಕ್ ಆಗಲಿ, ವಾಲ್ಯೂಮ್ ಪೂರ್ತಿ ತಿರುಗಿಸಿದರೆ ಮಾತು ಗರಗರ ಆಗುವುದಿಲ್ವಾ, ಹಾಗೇ ಇದೂ.

ಸರಿಯಾದ ಕ್ರಮ ಹೀಗೆ: ಸೆಟ್ಟನ್ನು ಡೇಟಾ ಮೋಡ್‌ನಲ್ಲಿ, ಅಪ್ಪರ್ ಸೈಡ್‌ಬ್ಯಾಂಡ್‌ನಲ್ಲಿ ಇಡಬೇಕು. 7 ಮೆಗಾಹರ್ಟ್ಸ್‌ನಲ್ಲಿ ಮಾತಿಗೆ ಲೋವರ್ ಸೈಡ್‌ಬ್ಯಾಂಡ್ ವಾಡಿಕೆಯಾದರೂ ಎಫ್‌ಟಿ8ಕ್ಕೆ ಎಲ್ಲ ಬ್ಯಾಂಡ್‌ನಲ್ಲೂ ಅಪ್ಪರ್. ಸ್ಪೀಚ್ ಪ್ರೊಸೆಸರ್ ಆಫ್. 'ಟ್ಯೂನ್' ಗುಂಡಿ ಒತ್ತಿ, ಎಎಲ್‌ಸಿ ಮೀಟರ್ ನೋಡುತ್ತಾ ಸೌಂಡ್ ಮಟ್ಟವನ್ನು ನಿಧಾನಕ್ಕೆ ಇಳಿಸಬೇಕು. ಎಎಲ್‌ಸಿ ಮುಳ್ಳು ಏಳದೆ ನಿಂತರೆ ಅದೇ ಸರಿಯಾದ ಮಟ್ಟ. ಸ್ವರವನ್ನು 1500ರಿಂದ 2000 ಹರ್ಟ್ಸ್ ನಡುವೆ ಇಟ್ಟರೆ ನಕಲಿ ಸ್ವರಗಳು ಸೆಟ್‌ನ ಫಿಲ್ಟರ್ ದಾಟುವುದಿಲ್ಲ.

ವಾಟ್‌ನಲ್ಲೂ ದುರಾಸೆ ಬೇಡ. ಮಾತಾಡುವಾಗ ಸೆಟ್‌ಗೆ ನಡುನಡುವೆ ವಿಶ್ರಾಂತಿ ಸಿಗುತ್ತದೆ. ಎಫ್‌ಟಿ8ರಲ್ಲಿ 15 ಸೆಕೆಂಡಿನ ಪೈಕಿ 12.64 ಸೆಕೆಂಡ್ ಪೂರ್ಣ ಶಕ್ತಿ ಹೊರಬೀಳುತ್ತಲೇ ಇರುತ್ತದೆ. 100 ವಾಟ್‌ನ ಸೆಟ್ಟನ್ನು 25-30 ವಾಟ್‌ನಲ್ಲಿ ನಡೆಸುವುದು ಜಾಣತನ. ಪ್ರಸಾರ ಶುರುವಾದ ಕೂಡಲೇ ಮೌಸ್ ನಿಂತುಹೋದರೆ, ಯುಎಸ್‌ಬಿ ಕಡಿದುಹೋದರೆ ರೇಡಿಯೋ ಅಲೆ ಕೇಬಲ್‌ಗೆ ನುಗ್ಗುತ್ತಿದೆ ಎಂದು ತಿಳಿಯಬೇಕು. ಕೇಬಲ್‌ಗೆ ಫೆರೈಟ್ ಉಂಗುರ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಆಪತ್ತಿಗೆ ಯಾವುದು?

ಎಫ್‌ಟಿ8ರಲ್ಲಿ ಸ್ವತಂತ್ರ ಬರಹಕ್ಕೆ ಸಿಗುವುದು ಬರೀ 13 ಅಕ್ಷರ. 'ದಾರಿ ತೆರೆದಿದೆಯಾ' ಎಂದು ನೋಡಲು ಅದು ಉತ್ತಮ, ಸುದ್ದಿ ಹೇಳಲು ಸಾಲದು. ಉದ್ದ ಸಂದೇಶಕ್ಕೆ ಪಿಎಸ್‌ಕೆ31, ಒಲಿವಿಯಾ, ಜೆಎಸ್8ಕಾಲ್ ಇವೆ. ಮೊದಲೆರಡಕ್ಕೆ ಎಫ್‌ಎಲ್‌ಡಿಜಿ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಸೌಂಡ್ ಕಾರ್ಡ್, ತಂತಿ, ಮಟ್ಟ ಎಲ್ಲವೂ ಅದೇ; ಒಮ್ಮೆ ಸರಿಯಾಗಿ ಹೊಂದಿಸಿದರೆ ಸಾಫ್ಟ್‌ವೇರ್ ಬದಲಿಸಿದರಾಯಿತು.

ಎಫ್‌ಟಿ8ಕ್ಕೆ ಕನ್ನಡ ಲಿಪಿ ಬಾರದು. ಆದರೆ ಎಸ್‌ಎಸ್‌ಟಿವಿ ಎಂಬ ವಿಧಾನದಲ್ಲಿ ಇದೇ ಸೌಂಡ್ ಕಾರ್ಡ್ ಮೂಲಕ ಚಿತ್ರ ಕಳಿಸಬಹುದು. ಸೋನ್ಯಾಳದಂಥ ಗಡಿಯೂರಿನ ಮಗು ಹಾಳೆಯಲ್ಲಿ ಕನ್ನಡದಲ್ಲಿ ಬರೆದ ಸಾಲಿನ ಚಿತ್ರವನ್ನು ಪರವಾನಗಿ ಇರುವ ಮೇಷ್ಟ್ರು ಕಳಿಸಿದರೆ, ಮಂಗಳೂರಿನ ಪರದೆಯಲ್ಲಿ ಅದು ಸಾಲು ಸಾಲಾಗಿ ಮೇಲಿನಿಂದ ಕೆಳಕ್ಕೆ ಮೂಡುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋಗಿ, ಟವರ್ ಬಿದ್ದು, ಮೊಬೈಲ್‌ನಲ್ಲಿ ಒಂದೂ ಕಡ್ಡಿ ಕಾಣದ ದಿನಗಳನ್ನು ಕರಾವಳಿಯವರು ನೋಡಿದ್ದಾರೆ. ಅಂಥ ದಿನ ಊರಿಗೊಬ್ಬ ಪರವಾನಗಿ ಇರುವ ಹ್ಯಾಮ್, ಒಂದು ಕಾರಿನ ಬ್ಯಾಟರಿ, ಚಾರ್ಜ್ ಇರುವ ಒಂದು ಲ್ಯಾಪ್‌ಟಾಪ್ ಇದ್ದರೆ ಸುದ್ದಿ ಹೊರಗೆ ಹೋಗುತ್ತದೆ. ಆದರೆ ಆ ದಿನ ಬಂದ ಮೇಲೆ ಸೌಂಡ್ ಮಟ್ಟ ಹೊಂದಿಸಲು ಕೂತರೆ ಪ್ರಯೋಜನವಿಲ್ಲ. ಬಿಸಿಲು ಇರುವಾಗಲೇ ತಂತಿ ಕಟ್ಟಿ, ವಾರಕ್ಕೊಮ್ಮೆಯಾದರೂ ಕೇಳಿ, ಕಳಿಸಿ ಅಭ್ಯಾಸ ಮಾಡಿಟ್ಟುಕೊಳ್ಳಬೇಕು.